ಡಿಕ್ಕಿಗೆ ಹಿಡಿಯದ ಕುರ್ಚಿ

ಕುರ್ಚಿ ಮಡಚುತ್ತದೆ ಅಂದಿದ್ದರು. ಮಡಚಿತು, ಸುಳ್ಳಲ್ಲ. ಡಿಕ್ಕಿಯ ಬಾಗಿಲು ಮಾತ್ರ ಮುಚ್ಚಲಿಲ್ಲ.

ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನ ಅದು. ಪಾರ್ಶ್ವವಾಯು ಹೊಡೆದು ಮೂರು ವಾರ ಆಗಿತ್ತು. ಬಲಗೈ, ಬಲಗಾಲು ಎರಡೂ ಮಾತು ಕೇಳುತ್ತಿರಲಿಲ್ಲ. ಹಿಂದಿನ ಸಂಜೆ ತಮ್ಮ ಓಡಿಹೋಗಿ ಒಂದು ವೀಲ್‌ಚೇರ್ ಕೊಂಡು ತಂದಿದ್ದ. ಉಕ್ಕಿನ ಕೊಳವೆಗಳ ಚೌಕಟ್ಟು, ಫಳಫಳ ಹೊಳೆಯುವ ಕ್ರೋಮ್, 24 ಇಂಚಿನ ಹಿಂಬದಿ ಚಕ್ರ, ಕಪ್ಪು ರೆಕ್ಸಿನ್ ಸೀಟು. ‘ಗಟ್ಟಿಮುಟ್ಟಾಗಿದೆ ಅಕ್ಕಾ, ಮಡಚಲೂಬಹುದು’ ಅಂದ. ಇನ್ನೇನು ಬೇಕು ಅಂದುಕೊಂಡೆ. ಮಡಚಿದರೆ ಅದರ ಅಗಲ ಸುಮಾರು ಒಂದು ಅಡಿಗೆ ಇಳಿಯುತ್ತದೆ, ನಿಜ. ಆದರೆ ಉದ್ದ, ಎತ್ತರ ಒಂದಿಂಚೂ ಕಡಿಮೆಯಾಗುವುದಿಲ್ಲ ಅನ್ನುವುದು ತಿಳಿದದ್ದು ಆಸ್ಪತ್ರೆಯ ಬಾಗಿಲಲ್ಲಿ, ಹಿಂದೆ ಎರಡು ಕಾರು ಹಾರ್ನ್ ಹೊಡೆಯುತ್ತಿರುವಾಗ. ಅಡ್ಡ ಹಾಕಿದೆವು, ಉದ್ದ ಹಾಕಿದೆವು, ತಲೆಕೆಳಗೆ ಮಾಡಿಯೂ ಹಾಕಿದೆವು. ಕೊನೆಗೆ ತಳ್ಳುವ ಹಿಡಿಕೆಗಳು ಹೊರಗೆ ಚಾಚಿಕೊಂಡಿರುವಂತೆಯೇ ಬಾಗಿಲಿಗೆ ಹಗ್ಗ ಬಿಗಿದು ಹೊರಟೆವು. ಅಪ್ಪ ಮುಂದಿನ ಸೀಟಿನಲ್ಲಿ ಕೂತು ಪಕ್ಕದ ಕನ್ನಡಿಯಲ್ಲಿ ಇದನ್ನೆಲ್ಲ ನೋಡುತ್ತಿದ್ದರು. ಆವತ್ತು ನನಗೆ ಅದು ದೊಡ್ಡದಾಗಿ ಕಾಣಲಿಲ್ಲ.

ಮುಂದಿನ ಎರಡು ತಿಂಗಳು ವಾರಕ್ಕೆ ಮೂರು ಸಲ ಫಿಸಿಯೋಥೆರಪಿ. ತಮ್ಮನ ರಜೆ ಮುಗಿದಿತ್ತು, ಎತ್ತುವುದೂ ಇಳಿಸುವುದೂ ನನ್ನ ಪಾಲಿಗೆ ಬಂತು. ಲೆಕ್ಕ ಹಾಕಿ ನೋಡಿ: ಒಂದು ಸಲ ಹೋಗಿ ಬರುವುದೆಂದರೆ ಇಲ್ಲಿ ಹತ್ತಿಸಬೇಕು, ಅಲ್ಲಿ ಇಳಿಸಬೇಕು, ಮತ್ತೆ ಅಲ್ಲಿ ಹತ್ತಿಸಬೇಕು, ಮನೆಯಲ್ಲಿ ಇಳಿಸಬೇಕು. ವಾರಕ್ಕೆ ಹನ್ನೆರಡು ಸಲ. ಹಿಂದಿನ ಸೀಟನ್ನು ಅರ್ಧ ಬಗ್ಗಿಸಿ ಕುರ್ಚಿಗೆ ಜಾಗವೇನೋ ಮಾಡಿಕೊಂಡಿದ್ದೆ. ನನ್ನ ಸೊಂಟಕ್ಕೆ ಮಾತ್ರ ಅಂಥ ಯಾವ ವ್ಯವಸ್ಥೆಯೂ ಇರಲಿಲ್ಲ. ಪೆಟ್ಟಿಗೆಯ ಮೇಲೆ 16 ಕೆಜಿ ಅಂತ ಅಚ್ಚಾಗಿತ್ತು. ಅನುಮಾನ ಬಂದು ಒಂದು ದಿನ ಕುರ್ಚಿಯನ್ನು ಅಪ್ಪಿಕೊಂಡು ತೂಕದ ಯಂತ್ರ ಹತ್ತಿದೆ, ನನ್ನ ತೂಕ ಕಳೆದೆ. ಹತ್ತೊಂಬತ್ತು ಚಿಲ್ಲರೆ. ಆಮೇಲೆ ಗೊತ್ತಾಯಿತು, ಎಷ್ಟೋ ಕಡೆ ತೂಕ ಬರೆಯುವಾಗ ಕಾಲಿಡುವ ಫುಟ್‌ರೆಸ್ಟ್‌ಗಳನ್ನು ಕಳಚಿಟ್ಟು ಬರೆಯುತ್ತಾರೆ, ದಿಂಬಂತೂ ಲೆಕ್ಕಕ್ಕೇ ಇರುವುದಿಲ್ಲ.

ಮೂರನೇ ತಿಂಗಳಿಗೆ ಅಪ್ಪ ಹೊರಗೆ ಬರುವುದನ್ನು ಕಡಿಮೆ ಮಾಡಿದರು. ಚಿಕಿತ್ಸೆಗೆ ಬರುತ್ತಿದ್ದರು, ಬೇರೆ ಎಲ್ಲಿಗೆ ಕರೆದರೂ ‘ಇವತ್ತು ಬೇಡ ಬಿಡೇ’. ಬೇಸರ ಹಿಡಿದಿರಬೇಕು, ಇಂಥ ಕಾಯಿಲೆಯಲ್ಲಿ ಮನಸ್ಸು ಕುಗ್ಗುತ್ತದಂತೆ, ಡಾಕ್ಟರನ್ನು ಕೇಳಬೇಕು ಅಂತೆಲ್ಲ ನಾವು ಗುಸುಗುಸು ಮಾತಾಡಿಕೊಂಡೆವು. ಒಂದು ಸಂಜೆ ನಾನೇ ಸ್ವಲ್ಪ ಗದರಿದೆ. ಅಪ್ಪ ಸುಮ್ಮನಿದ್ದು, ನಿಧಾನಕ್ಕೆ, ಆಗಿನ್ನೂ ತೊದಲುತ್ತಿದ್ದ ಮಾತಿನಲ್ಲಿ ಹೇಳಿದರು: ‘ಅದನ್ನ ಎತ್ತುವಾಗ ಒಂದು ಉಸಿರು ಬಿಡ್ತೀಯಲ್ಲ, ಅದು ಮುಂದಿನ ಸೀಟಿನ ತನಕ ಕೇಳ್ಸುತ್ತೆ ಕಣೇ.’

ಬೇರೆ ಕುರ್ಚಿ ಹುಡುಕಲು ಮಾರನೇ ದಿನವೇ ಶುರು ಮಾಡಿದೆ.

ಈ ಸಲ ಅವಸರ ಬೇಡ ಅಂತ ಫಿಸಿಯೋಥೆರಪಿಸ್ಟ್ ಹತ್ತಿರ ಕೂತು ಕೇಳಿದೆ. ಆಕೆ ಯಾವ ಕುರ್ಚಿಯ ಹೆಸರನ್ನೂ ಹೇಳಲಿಲ್ಲ. ‘ಅಳತೆ ಟೇಪು ತಗೊಳ್ಳಿ. ನಿಮ್ಮ ತಂದೆಯನ್ನ ಅಳೀರಿ, ಮನೆ ಬಾಗಿಲು ಅಳೀರಿ, ಡಿಕ್ಕಿ ಅಳೀರಿ. ಆಮೇಲೆ ನೀವು ಸಲೀಸಾಗಿ ಎಷ್ಟು ಎತ್ತಬಲ್ಲಿರಿ ನೋಡ್ಕೊಳ್ಳಿ. ನಾಲ್ಕೂ ಬರ್ಕೊಂಡು ಬನ್ನಿ’ ಅಂದರು.

ಅಳೆದ ಮೇಲೆ ಒಂದೊಂದೇ ತಪ್ಪು ಹೊರಬಿತ್ತು. ಅಗಲವಾಗಿದ್ದರೆ ಆರಾಮ ಅಂದುಕೊಂಡು ತಮ್ಮ 20 ಇಂಚಿನ ಸೀಟು ತಂದಿದ್ದ. ಅಪ್ಪನ ಸೊಂಟದ ಅಗಲ 16 ಇಂಚು. ಎರಡೂ ಬದಿ ಸೇರಿ ಎರಡು ಇಂಚು ಹೆಚ್ಚಿದ್ದರೆ ಧಾರಾಳ. ನಾಲ್ಕು ಇಂಚು ಇದ್ದದ್ದರಿಂದಲೇ ಅವರು ಸೋತ ಬಲಬದಿಗೆ ವಾಲಿ ಕೂರುತ್ತಿದ್ದರು, ನಾವು ಅದಕ್ಕೆ ಕಾಯಿಲೆಯನ್ನು ದೂರುತ್ತಿದ್ದೆವು. ದೊಡ್ಡ ಚಕ್ರದ ಕುರ್ಚಿಯಲ್ಲಿ ಸೀಟಿನ ಅಗಲಕ್ಕೆ ಸುಮಾರು ಎಂಟು ಇಂಚು ಸೇರಿಸಿದರೆ ಒಟ್ಟು ಅಗಲ ಸಿಗುತ್ತದೆ, ಚಕ್ರ ಮತ್ತು ಕೈಯಿಂದ ಉರುಳಿಸುವ ಬಳೆ ಅಷ್ಟು ಜಾಗ ತಿನ್ನುತ್ತವೆ. 20 ಇಂಚಿನ ಸೀಟು ಅಂದರೆ 28. ನಮ್ಮ ಬಚ್ಚಲಮನೆ ಬಾಗಿಲು 27. ಎರಡು ತಿಂಗಳಿಂದ ಆ ಬಾಗಿಲಲ್ಲಿ ಪ್ರತಿದಿನ ಅಪ್ಪನನ್ನು ಎಬ್ಬಿಸಿ, ಹಿಡಿದುಕೊಂಡು ಒಳಗೆ ನಡೆಸುತ್ತಿದ್ದದ್ದಕ್ಕೆ ಕಾರಣ ಬೇಕಾದ 18ಕ್ಕಿಂತ ಹೆಚ್ಚಾಗಿದ್ದ ಸೀಟಿನ ಎರಡು ಇಂಚು.

ಡಿಕ್ಕಿ ಅಳೆಯುವಾಗಲೂ ಒಂದು ಪಾಠವಾಯಿತು. ನಾನು ಒಳಗಿನ ಅಗಲ, ಆಳ ಬರೆದುಕೊಂಡು ಹೋಗಿದ್ದೆ. ಕುರ್ಚಿ ಒಳಗೆ ಇಳಿಯಬೇಕಾದದ್ದು ಡಿಕ್ಕಿಯ ಬಾಯಿಯಿಂದ, ಅದು ಒಳಗಿಗಿಂತ ಒಂದು ಗೇಣು ಕಿರಿದು. ಮತ್ತೆ ಹೋಗಿ ಅಳೆದೆ.

ಮೊದಲು ಪ್ರಯತ್ನಿಸಿದ್ದು ಪರಿಚಯದವರಿಂದ ಒಂದು ವಾರಕ್ಕೆ ತಂದ ಚಿಕ್ಕ ಚಕ್ರದ ಕುರ್ಚಿ, ಬರೀ ತಳ್ಳಿಕೊಂಡು ಹೋಗುವಂಥದು. ನಾಲ್ಕೂ ಚಕ್ರ ಪುಟ್ಟವು, ಹಿಂಬದಿಯವು 12 ಇಂಚು. ಒಂಬತ್ತು ಕೆಜಿ. ಎತ್ತಿದಾಗ ನನಗೆ ನಗು ಬಂತು, ಇಷ್ಟೇನಾ ಅಂತ. ಡಿಕ್ಕಿಯಲ್ಲಿ ಅದರ ಪಕ್ಕ ಇನ್ನೊಂದು ಬ್ಯಾಗಿಗೂ ಜಾಗ ಮಿಕ್ಕಿತು. ಇದೇ ಕೊಳ್ಳೋಣ ಅಂತ ತೀರ್ಮಾನಿಸಿಯೂ ಬಿಟ್ಟಿದ್ದೆ. ಆದರೆ ಎರಡನೇ ದಿನ ನೋಡುತ್ತೇನೆ, ಅಪ್ಪ ಕಿಟಕಿ ಪಕ್ಕ ಬಿಟ್ಟಲ್ಲೇ ಗಂಟೆಗಟ್ಟಲೆ ಕೂತಿದ್ದಾರೆ. ಹಳೆ ಕುರ್ಚಿಯಲ್ಲಿ ಅವರು ಎಡಗೈಯಲ್ಲಿ ಚಕ್ರದ ಬಳೆ ಉರುಳಿಸುತ್ತಾ, ಎಡಗಾಲಿನಿಂದ ನೆಲ ಎಳೆದುಕೊಳ್ಳುತ್ತಾ, ಅಡ್ಡಾದಿಡ್ಡಿಯಾಗಿಯಾದರೂ ಕೋಣೆಯಿಂದ ಕೋಣೆಗೆ ಹೋಗುವುದನ್ನು ಕಲಿತಿದ್ದರು. ಚಿಕ್ಕ ಚಕ್ರಕ್ಕೆ ಕೈಯೇ ಎಟುಕುವುದಿಲ್ಲ. ಎಲ್ಲಿಗೆ ಹೋಗಬೇಕಾದರೂ ‘ಯಾರಾದ್ರೂ ಬನ್ರೋ’ ಅನ್ನಬೇಕು. ಬರೀ ಕಾರಿಗೂ ಆಸ್ಪತ್ರೆಗೂ ಬಳಸುವವರಿಗೆ ಆ ಕುರ್ಚಿ ಬಹಳ ಒಳ್ಳೆಯದು, ಈಗಲೂ ಹೇಳುತ್ತೇನೆ. ಅಪ್ಪನಿಗೆ ಮಾತ್ರ ಅದು ಆಗಿಬರಲಿಲ್ಲ. ವಾಪಸು ಕೊಟ್ಟೆ.

ಸಲಹೆಗಳಿಗೇನೂ ಬರವಿರಲಿಲ್ಲ. ಬ್ಯಾಟರಿಯದು ತಗೊಳ್ಳಿ, ಅದೂ ಮಡಚುತ್ತದೆ ಅಂತ ಒಬ್ಬರು. ಮಡಚುತ್ತದೆ, ಆದರೆ ಅಂಥವು ಸಾಮಾನ್ಯವಾಗಿ ಇಪ್ಪತ್ತು ಕೆಜಿ ದಾಟುತ್ತವೆ, ನಾನು ಹತ್ತೊಂಬತ್ತರಿಂದ ಓಡಿಹೋಗುತ್ತಿದ್ದವಳು. ಮಡಚದ ಗಟ್ಟಿ ಚೌಕಟ್ಟಿನದು ಇನ್ನೂ ಹಗುರ, ಬೆನ್ನೊರಗು ಮುಂದಕ್ಕೆ ಬಗ್ಗಿಸಿ ಚಕ್ರ ಕಳಚಿದರೆ ಸಾಕು ಅಂತ ಇನ್ನೊಬ್ಬರು. ಇಡೀ ದಿನ ತಾವೇ ಉರುಳಿಸಿಕೊಂಡು ಓಡಾಡುವ ಚುರುಕಿನವರು ಅದನ್ನೇ ಮೆಚ್ಚುವುದು, ತಳ್ಳಿದ ಬಲವೆಲ್ಲ ಚಕ್ರಕ್ಕೇ ಹೋಗುತ್ತದೆ. ಅದರಲ್ಲಿ ಕಾಲಿಡುವ ಪಟ್ಟಿ ಹೆಚ್ಚಾಗಿ ಚೌಕಟ್ಟಿಗೇ ಸೇರಿಕೊಂಡಿರುತ್ತದೆ, ಪಕ್ಕಕ್ಕೆ ಸರಿಯುವುದಿಲ್ಲ. ಎದ್ದು ನಿಂತು, ಒಂದು ಕಾಲಿನ ಮೇಲೆ ತಿರುಗಿ ಕಾರಿನ ಸೀಟಿಗೆ ಕೂರುವ ಅಪ್ಪನಿಗೆ ಅದು ಕಾಲಿಗೇ ತೊಡರು.

ಕೊನೆಗೆ ತಂದದ್ದು ಅಲ್ಯೂಮಿನಿಯಂ ಕುರ್ಚಿ. ಸೀಟು 18 ಇಂಚು ಅಗಲ. ನೆಲದಿಂದ ಸೀಟಿನ ಎತ್ತರ ಹದಿನೇಳೂವರೆ ಇಂಚು, ಮಾಮೂಲಿ ಕುರ್ಚಿಗಿಂತ ಎರಡು ಇಂಚು ತಗ್ಗು, ಎಡಗಾಲು ನೆಲಕ್ಕೆ ಪೂರ್ತಿ ಊರಲಿ ಅಂತ. ಹಿಂಬದಿ ಚಕ್ರ ಗುಂಡಿ ಒತ್ತಿದರೆ ಕಳಚಿಬರುತ್ತವೆ. ಬೆನ್ನೊರಗು ನಡುವಿನಿಂದ ಕೆಳಕ್ಕೆ ಮಡಚುತ್ತದೆ, ಆಸ್ಪತ್ರೆ ಬಾಗಿಲಲ್ಲಿ ಮಾನ ಕಳೆದ ಹಿಡಿಕೆಗಳು ಈಗ ತಾವಾಗಿಯೇ ಒಳಗೆ ಅಡಗಿಕೊಳ್ಳುತ್ತವೆ. ಕೈಯಾಸರೆ ಹಿಂದಕ್ಕೆ ಎತ್ತಬಹುದು. ಒಟ್ಟು 13 ಕೆಜಿ. ಇದನ್ನೂ ಅಪ್ಪಿಕೊಂಡು ತೂಕದ ಯಂತ್ರ ಹತ್ತಿದೆ, ಬಿಡಲಿಲ್ಲ. ಆದರೆ ನನಗೆ ಬೇಕಾದ ಅಂಕಿ ಹದಿಮೂರಲ್ಲ. ಎರಡು ಫುಟ್‌ರೆಸ್ಟ್, ಎರಡು ಚಕ್ರ ತೆಗೆದಿಟ್ಟರೆ ಒಂದೇ ಸಲಕ್ಕೆ ಎತ್ತಬೇಕಾದ ಚೌಕಟ್ಟು ಎಂಟು ಕೆಜಿಯೊಳಗೆ. ಹದಿಮೂರನ್ನು ಐದು ತುಂಡು ಮಾಡಿ ಎತ್ತುವುದಕ್ಕೂ ಹತ್ತೊಂಬತ್ತನ್ನು ಒಂದೇ ದಮ್ಮಿಗೆ ಎತ್ತುವುದಕ್ಕೂ ಎಷ್ಟು ವ್ಯತ್ಯಾಸ ಅಂತ ನನ್ನ ಸೊಂಟವನ್ನೇ ಕೇಳಬೇಕು.

ಪೆಟ್ಟಿಗೆ ಬಿಚ್ಚಿದ ದಿನ ಅಪ್ಪನ ಮುಖ ನೋಡಬೇಕಿತ್ತು. ಅವರು ಮೂವತ್ತು ವರ್ಷ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಕೂರುವ ಮೊದಲು ಅದನ್ನು ಮಂಚದ ಮೇಲೆ ಮಗುಚಿ ಹಾಕಿಸಿಕೊಂಡು ಹೊಟ್ಟೆಯ ಕೆಳಗೆಲ್ಲ ಕೈಯಾಡಿಸಿದರು. ‘ಕತ್ತರಿ ಕಣೇ ಇದು’ ಅಂದರು. ಸೀಟಿನ ಕೆಳಗೆ ಎರಡು ಕೊಳವೆ ಒಂದನ್ನೊಂದು ಅಡ್ಡ ದಾಟಿ, ನಡುವೆ ಒಂದು ಬೋಲ್ಟಿನಲ್ಲಿ ಸೇರಿಕೊಂಡಿವೆ. ಸೀಟು ಮೇಲೆಳೆದರೆ ಕತ್ತರಿ ಮುಚ್ಚಿಕೊಳ್ಳುತ್ತದೆ, ಮೇಲೆ ಕೂತರೆ ಕೂತವರ ಭಾರಕ್ಕೇ ಅದು ಇನ್ನಷ್ಟು ಬಿಗಿಯಾಗಿ ತೆರೆದುಕೊಂಡು ನಿಲ್ಲುತ್ತದೆ. ಇಂಥ ಹಗುರವಾದ ಮಡಚುವ ಉಕ್ಕಿನ ಕುರ್ಚಿಯನ್ನು 1933ರಲ್ಲಿ ಅಮೆರಿಕದ ಹರ್ಬರ್ಟ್ ಎವರೆಸ್ಟ್, ಹ್ಯಾರಿ ಜೆನ್ನಿಂಗ್ಸ್ ಅನ್ನುವ ಇಬ್ಬರು ಎಂಜಿನಿಯರ್ ಗೆಳೆಯರು ಮಾಡಿದರಂತೆ, ಎವರೆಸ್ಟ್ ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡಿದ್ದವರಂತೆ ಅಂತ ಓದಿ ಹೇಳಿದೆ. ಅಪ್ಪ ತಲೆ ಎತ್ತದೆ, ‘ಕೂತವನಿಗೇ ಹೊಳೀಬೇಕು ಇಂಥದ್ದು’ ಅಂದರು. ಆಮೇಲೆ ಚಕ್ರದ ಅಚ್ಚನ್ನು ಕೈಗೆ ತೆಗೆದುಕೊಂಡರು. ಅದರ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಎರಡು ಉಕ್ಕಿನ ಗುಂಡು. ನಡುವಿನ ಗುಂಡಿ ಒತ್ತಿದರೆ ಗುಂಡುಗಳು ಒಳಗೆ ಸರಿಯುತ್ತವೆ, ಬಿಟ್ಟರೆ ಹೊರಗೆ ಬಂದು ಹಿಡಿದುಕೊಳ್ಳುತ್ತವೆ. ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಅರ್ಧ ಗಂಟೆ ಅದರಲ್ಲೇ ಕಳೆದರು. ಅವರು ಹಾಕಿಕೊಟ್ಟ ನಿಯಮ ಇವತ್ತಿಗೂ ಇದೆ: ಚಕ್ರ ಹಾಕಿದ ಮೇಲೆ ‘ಟಕ್’ ಅಂತ ಕೇಳಬೇಕು, ಕೇಳಿದ ಮೇಲೂ ಒಂದು ಸಲ ಹೊರಕ್ಕೆ ಎಳೆದು ನೋಡಬೇಕು.

ಮಡಚುವುದನ್ನು ಕಲಿಯಲು ನನಗೆ ಎರಡು ದಿನ, ಒಂದು ಉಗುರು ಬೇಕಾಯಿತು. ಮಡಚುವುದು ಸುಲಭ. ದಿಂಬು ತೆಗೆ, ಫುಟ್‌ರೆಸ್ಟ್ ಕಳಚು, ಸೀಟಿನ ನಡುಭಾಗವನ್ನು ಮುಂದೆ ಒಂದು ಕೈ ಹಿಂದೆ ಒಂದು ಕೈ ಹಿಡಿದು ಮೇಲಕ್ಕೆ ಎಳೆ. ಬಿಚ್ಚುವುದರಲ್ಲಿದೆ ಕಿತಾಪತಿ. ಕುರ್ಚಿಯನ್ನು ಸ್ವಲ್ಪ ಒಂದು ಬದಿಗೆ ವಾಲಿಸಿ, ಸೀಟಿನ ಎರಡು ಅಂಚಿನ ಕೊಳವೆಗಳನ್ನು ಕೆಳಕ್ಕೆ ಒತ್ತಬೇಕು. ಕೈ ಸಹಜವಾಗಿ ಕೊಳವೆಯನ್ನು ಸುತ್ತಿ ಹಿಡಿಯುತ್ತದೆ. ಆ ಕೊಳವೆ ಹೋಗಿ ಕೂರುವುದು ಪಕ್ಕದ ಚೌಕಟ್ಟಿನ ತೊಟ್ಟಿಲಿನಂಥ ಹಿಡಿಕೆಯೊಳಗೆ, ನಡುವೆ ಬೆರಳಿದ್ದರೆ ಬೆರಳೂ ಅಲ್ಲೇ. ನನ್ನ ಉಂಗುರದ ಬೆರಳಿನ ಉಗುರು ಕಪ್ಪಾಗಿ, ಉದುರಿ, ಮತ್ತೆ ಬರಲು ನಾಲ್ಕೈದು ತಿಂಗಳು ಹಿಡಿಯಿತು. ಬೆರಳುಗಳನ್ನು ಸೀಟಿನ ಒಳಬದಿಗೆ ತಿರುಗಿಸಿ, ಅಂಗೈಯ ಬುಡದಿಂದ ಒತ್ತಬೇಕು. ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ, ಬೆರಳು ಊದಿದ ಮೇಲೆ ಎಲ್ಲರೂ ಹೇಳುತ್ತಾರೆ.

ಡಿಕ್ಕಿಗೆ ಹಾಕುವುದಕ್ಕೂ ಈಗ ಒಂದು ಕ್ರಮ ಬಂದಿದೆ. ಕೈಯಾಸರೆಯನ್ನೋ ಇನ್ನಾವುದೋ ಕಳಚುವ ಭಾಗವನ್ನೋ ಹಿಡಿದು ಎತ್ತಿದರೆ ಅದೊಂದೇ ಕೈಗೆ ಬರುತ್ತದೆ, ಉಳಿದದ್ದು ಕಾಲ ಮೇಲೆ. ಚೌಕಟ್ಟನ್ನೇ ಹಿಡಿಯಬೇಕು. ಮಂಡಿ ಬಗ್ಗಿಸಿ, ಅದನ್ನು ತೊಡೆಗೆ ಆನಿಸಿಕೊಂಡು ಎದ್ದು, ಮೊದಲು ಡಿಕ್ಕಿಯ ಅಂಚಿನ ಮೇಲೆ ಊರಿಬಿಡುತ್ತೇನೆ. ಅಲ್ಲಿಂದ ಮುಂದೆ ಎತ್ತುವುದಿಲ್ಲ, ಜಾರಿಸುವುದಷ್ಟೇ. ಅಂಚಿಗೆ ಹಳೆ ಟವೆಲ್. ಬಣ್ಣ ಕೆರೆಯುವುದು ಉಳಿಯಿತು.

ಹಗುರ ಕುರ್ಚಿ ಬಂದ ಮೇಲೆ ಎಲ್ಲ ಸುಖವಾಯಿತು ಅಂದರೆ ಸುಳ್ಳು. ಮೊದಲ ವಾರವೇ ಬೆನ್ನ ಹಿಂದಿನ ಹಿಡಿಕೆಗಳಿಗೆ ಎರಡು ಭಾರದ ಚೀಲ ನೇತುಹಾಕಿದ್ದೆ. ಅಪ್ಪ ಕಾರಿಗೆ ಹತ್ತಲು ಎದ್ದು ನಿಂತದ್ದೇ ತಡ, ಕುರ್ಚಿ ಹಿಂದಕ್ಕೆ ಧಡಾರನೆ ಬಿತ್ತು. ಹಳೆ ಉಕ್ಕಿನ ಕುರ್ಚಿ ತನ್ನ ತೂಕದಲ್ಲೇ ನಿಂತಿರುತ್ತಿತ್ತು, ಇದಕ್ಕೆ ಆ ತೂಕ ಇಲ್ಲ. ಅಪ್ಪ ಅದರ ಮೇಲೆ ಇರಲಿಲ್ಲ, ಪುಣ್ಯ. ಚೀಲ ಈಗ ಸೀಟಿನ ಕೆಳಗೆ. ಹಿಂದಕ್ಕೆ ಮಗುಚದಂತೆ ತಡೆಯುವ ಎರಡು ಪುಟ್ಟ ಚಕ್ರಗಳನ್ನೂ ಹಾಕಿಸಿದೆ. ಮಡಚಲು ಅನುಕೂಲವಾಗಲಿ ಅಂತ ಸೀಟನ್ನು ಬಟ್ಟೆಯಲ್ಲೇ ಮಾಡಿರುವುದರಿಂದ ಅದು ದಿನ ಕಳೆದಂತೆ ಜೋಲುತ್ತದೆ, ಕೂತವರ ತೊಡೆಗಳು ಒಳಕ್ಕೆ ಸೇರಿಕೊಳ್ಳುತ್ತವೆ. ದಿನಕ್ಕೆ ಏಳೆಂಟು ಗಂಟೆ ಕೂರುವವರಿಗೆ ಒಳ್ಳೆಯ ದಿಂಬು ಇಲ್ಲದಿದ್ದರೆ ಚರ್ಮ ಹುಣ್ಣಾಗುವ ಭಯ. ಹಾಗಾಗಿ ಕೊಳ್ಳುವಾಗ ಕುರ್ಚಿಯ ಜೊತೆಗೇ ದಿಂಬಿನ ಲೆಕ್ಕವನ್ನೂ ಹಾಕಿಕೊಳ್ಳಬೇಕು. ಟಯರು ಗಾಳಿ ತುಂಬುವಂಥದು ಬೇಡ ಅಂದಿದ್ದೆ. ಪಂಕ್ಚರ್ ಗೋಳಿಲ್ಲ, ನಿಜ, ಒರಟು ನೆಲದಲ್ಲಿ ಮಾತ್ರ ಅಪ್ಪನ ಹಲ್ಲು ಕಟಕಟ ಅನ್ನುತ್ತವೆ. ಚೌಕಟ್ಟು ಸ್ವಲ್ಪ ಅಲುಗುತ್ತದೆ ಅಂತ ನಾನು ಗೊಣಗಿದರೆ, ಅಲುಗುವುದರಿಂದಲೇ ತಗ್ಗುದಿಣ್ಣೆಯಲ್ಲೂ ನಾಲ್ಕು ಚಕ್ರ ನೆಲದಲ್ಲಿರುತ್ತವೆ ಅಂತ ಅಪ್ಪ ಅದರ ಪರ ವಕಾಲತ್ತು ವಹಿಸುತ್ತಾರೆ.

ಒಂದು ಸಲ ಬಾಡಿಗೆ ವ್ಯಾನಿನ ಚಾಲಕ, ‘ಇಳಿಸೋದು ಯಾಕೆ, ಕುರ್ಚಿ ಸಮೇತ ಹತ್ತಿಸಿ, ಬ್ರೇಕ್ ಹಾಕಿದ್ರಾಯ್ತು’ ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ಒಪ್ಪಲಿಲ್ಲ. ಕುರ್ಚಿಯ ಬ್ರೇಕ್ ಚಕ್ರ ಉರುಳದಂತೆ ಹಿಡಿಯುತ್ತದೆ, ಅಷ್ಟೇ. ವ್ಯಾನು ಗಕ್ಕನೆ ನಿಂತರೆ ಕುರ್ಚಿಯನ್ನೂ ಅದರಲ್ಲಿ ಕೂತವರನ್ನೂ ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಓಡುವ ವಾಹನದಲ್ಲಿ ಸೀಟಾಗಿ ಬಳಸುವ ಕುರ್ಚಿಗೆ ಐಎಸ್‌ಒ 7176-19 ಅನ್ನುವ ಬೇರೆಯೇ ಮಾನದಂಡ ಇದೆ, ನಾಲ್ಕು ಕಡೆ ಕಟ್ಟುವ ಪಟ್ಟಿ ಇರುತ್ತದೆ. ನಮ್ಮದು ಆ ಜಾತಿಯದಲ್ಲ. ಅಪ್ಪ ವಾಹನದ ಸೀಟಿಗೆ, ಸೀಟ್ ಬೆಲ್ಟ್ ಅವರಿಗೆ, ಕುರ್ಚಿ ಮಡಚಿ ಹಿಂದಕ್ಕೆ.

ವಿಮಾನದಲ್ಲಿ ಹೋದದ್ದು ಒಂದೇ ಸಲ. ವಿಮಾನದ ಬಾಗಿಲ ತನಕ ಅವರದೇ ಕುರ್ಚಿಯಲ್ಲಿ ಹೋಗಿ, ಅಲ್ಲಿ ಚೀಟಿ ಕಟ್ಟಿ ಕೆಳಗೆ ಕಳಿಸಿದೆವು. ಕಳಚುವಂಥದ್ದನ್ನೆಲ್ಲ, ಅಂದರೆ ದಿಂಬು ಮತ್ತು ಫುಟ್‌ರೆಸ್ಟ್, ನಮ್ಮ ಜೊತೆಗೇ ಒಳಗೆ ಇಟ್ಟುಕೊಂಡೆವು. ಹೊರಡುವ ಮೊದಲು ನಾಲ್ಕು ಬದಿಯಿಂದ ಫೋಟೊ ತೆಗೆದಿಟ್ಟದ್ದು ಒಳ್ಳೆಯದೇ ಆಯಿತು. ಇಳಿದಾಗ ಕುರ್ಚಿ ಬಂತು, ಎಡಗಡೆಯ ಬ್ರೇಕಿನ ಹಿಡಿ ಬಗ್ಗಿತ್ತು. ಎಳೆದರೆ ಹಾಕಿಕೊಂಡ ಹಾಗೆ ಕಾಣುತ್ತದೆ, ಟಯರಿಗೆ ಮಾತ್ರ ತಾಗುತ್ತಿಲ್ಲ. ನಾನು ಗಮನಿಸಿರಲೇ ಇಲ್ಲ. ಕೂರಲು ಹೊರಟ ಅಪ್ಪ ಕೈಯಿಂದ ಒಂದು ಸಲ ಚಕ್ರ ನೂಕಿ ನೋಡಿದರು. ಅದು ಉರುಳಿತು. ‘ನಿಲ್ಲು’ ಅಂದರು. ಆವತ್ತಿನಿಂದ ಬೇರೆಯವರ ಕೈಗೆ ಹೋಗಿ ಬಂದ ಕುರ್ಚಿಯಲ್ಲಿ ನೂಕಿ ನೋಡದೆ ಕೂರುವುದಿಲ್ಲ. ತಿಂಗಳಿಗೊಮ್ಮೆ ನಡುವಿನ ಕತ್ತರಿ ಬೋಲ್ಟನ್ನು ಎಡಗೈಯಲ್ಲೇ ಸ್ಪ್ಯಾನರ್ ಹಿಡಿದು ಅವರೇ ಪರೀಕ್ಷಿಸುತ್ತಾರೆ. ನಾನು ಸ್ಪ್ಯಾನರ್ ಮುಟ್ಟುವ ಹಾಗಿಲ್ಲ.

ಕಳಚುವ ಕುರ್ಚಿಯ ದೊಡ್ಡ ಕಷ್ಟ ಅಂದರೆ ಕಳಚಿಟ್ಟದ್ದು ಮರೆತುಹೋಗುವುದು. ಹೋದ ಮಳೆಗಾಲದಲ್ಲಿ ಒಂದು ಸಂಜೆ, ಕೊಡೆ ಹಿಡಿದುಕೊಂಡು ಗಡಿಬಿಡಿಯಲ್ಲಿ ಅಪ್ಪನನ್ನು ಕೂರಿಸಿ, ಕುರ್ಚಿ ತುಂಬಿ ಮನೆಗೆ ಬಂದು ನೋಡಿದರೆ ಬಲಗಡೆಯ ಫುಟ್‌ರೆಸ್ಟ್ ಇಲ್ಲ. ಕಾರು ನಿಲ್ಲಿಸಿದ ಜಾಗದಲ್ಲಿ ಕಂಬಕ್ಕೆ ಒರಗಿಸಿಟ್ಟದ್ದು ನೆನಪಾಯಿತು. ತಮ್ಮ ವಾಪಸು ಹೋಗುವಷ್ಟರಲ್ಲಿ ಅದು ಅಲ್ಲಿರಲಿಲ್ಲ. ಒಂದೇ ಫುಟ್‌ರೆಸ್ಟ್ ಕದ್ದು ಯಾರು ಏನು ಮಾಡಿಕೊಂಡರೋ! ಹೊಸದು ತರಿಸಲು ಮೂರು ವಾರ ಆಯಿತು, ಅಷ್ಟು ದಿನ ಬಲಗಾಲನ್ನು ಎತ್ತಿ ಎಡಗಾಲಿನ ಮೇಲೆ ಇಟ್ಟುಕೊಂಡು ಓಡಾಡಿದರು.

ಅದಾದ ಮೇಲೆ ಅಪ್ಪ ಒಂದು ರಟ್ಟಿನ ಚೂರು ಕೇಳಿ ಇಸಿದುಕೊಂಡು, ಎಡಗೈಯಲ್ಲಿ, ಒಂದನೇ ತರಗತಿಯವರ ಹಾಗೆ ಡೊಂಕುಡೊಂಕಾಗಿ ಬರೆದು ಡಿಕ್ಕಿಯ ಬಾಗಿಲ ಒಳಬದಿಗೆ ಅಂಟಿಸಲು ಹೇಳಿದರು. ಎಡ ಚಕ್ರ, ಬಲ ಚಕ್ರ, ಎಡ ಕಾಲ್ಪಟ್ಟಿ, ಬಲ ಕಾಲ್ಪಟ್ಟಿ, ದಿಂಬು. ಬಾಗಿಲು ಮುಚ್ಚುವ ಮೊದಲು ಗಟ್ಟಿಯಾಗಿ ಓದಬೇಕು, ಅವರಿಗೆ ಮುಂದಿನ ಸೀಟಿನಲ್ಲಿ ಕೇಳಿಸಬೇಕು. ಮೊನ್ನೆ ಚಿಕ್ಕಮ್ಮನ ಮನೆಗೆ ಹೊರಟಾಗ ಹಾಗೇ ಓದುತ್ತಾ ಹೋದೆ. ದಿಂಬಿನ ಕೆಳಗೆ ಹೊಸದಾಗಿ ಇನ್ನೊಂದು ಸಾಲು, ಅದೇ ಡೊಂಕು ಅಕ್ಷರ: ಅಪ್ಪ.